ಸಕ್ಕರೆ ಕಾಯಿಲೆಯವರ ಕಾಲಿಗೆ ವಿದ್ಯುತ್ ಪರೀಕ್ಷೆ ಏಕೆ?

ಗುಲಾಬಿ ತೋಟದಲ್ಲಿ ದುಡಿಯುವವರಿಗೆ ಮುಳ್ಳು ಚುಚ್ಚುವುದು ಹೊಸದಲ್ಲ. ಚುಚ್ಚಿದ್ದು ಗೊತ್ತಾಗದಿದ್ದರೆ ಯೋಚಿಸಬೇಕು. ಸಕ್ಕರೆ ಕಾಯಿಲೆ ಬಹುಕಾಲ ಹತೋಟಿ ತಪ್ಪಿದರೆ ಪಾದದ ನರಗಳು ಸೊರಗುತ್ತವೆ. ಮೊದಲು ಜೋಮು, ರಾತ್ರಿ ಹೊತ್ತು ಅಂಗಾಲು ಉರಿ. ಕೆಲವರಿಗೆ ಬರಬರುತ್ತಾ ಉರಿಯೂ ನಿಂತುಹೋಗುತ್ತದೆ. ವಾಸಿಯಾಯಿತೆಂದು ನಮ್ಮವರು ಸಮಾಧಾನಪಡುವುದು ಆಗಲೇ! ಎಷ್ಟೋ ಸಲ ಅದು ವಾಸಿಯಾದದ್ದಲ್ಲ, ನರ ಸತ್ತದ್ದು. ಮುಳ್ಳು ಒಳಗೇ ಉಳಿದು, ಕೀವು ತುಂಬಿ, ಬೆರಳನ್ನೋ ಪಾದವನ್ನೋ ತೆಗೆಯಬೇಕಾಗಿ ಬರುವುದು ಹೀಗೆ.

ಪಾದದಿಂದಲೇ ಏಕೆ ಶುರುವಾಗುತ್ತದೆ? ಮನೆಯ ಮೀಟರಿನಿಂದ ದೂರದ ಬಾವಿಯ ಮೋಟರಿಗೆ ಎಳೆದ ತಂತಿಯನ್ನು ನೆನೆಯಿರಿ. ತಂತಿ ಉದ್ದವಾದಷ್ಟೂ ಕೆಡುವ ಸಂಭವ ಹೆಚ್ಚು. ದೇಹದ ಅತಿ ಉದ್ದದ ನರಗಳು ಕಾಲ್ಬೆರಳಿಗೆ ಹೋಗುವವು. ತಂತಿಯಂತೆ ನರಕ್ಕೂ ಒಳಗೆ ಎಳೆಗಳಿವೆ, ಅನೇಕ ಎಳೆಗಳಿಗೆ ಹೊದಿಕೆಯೂ ಇದೆ.

'ನರ್ವ್ ಕಂಡಕ್ಷನ್' ಎಂಬ ಪರೀಕ್ಷೆ ಇವೆರಡನ್ನೂ ಅಳೆಯುತ್ತದೆ. ಚರ್ಮದ ಮೇಲೆ ಒಂದು ಕಡೆ ಸಣ್ಣ ವಿದ್ಯುತ್ ಮಿಡಿತ ಕೊಡುತ್ತಾರೆ. ಇನ್ನೊಂದು ಕಡೆ ಅಂಟಿಸಿದ ಬಿಲ್ಲೆಯ ಮೂಲಕ, ಅದು ಎಷ್ಟು ಹೊತ್ತಿಗೆ ಎಷ್ಟು ಬಲದಿಂದ ತಲುಪಿತೆಂದು ಯಂತ್ರ ಗುರುತಿಸುತ್ತದೆ. ಆರೋಗ್ಯವಂತ ವಯಸ್ಕರ ಕಾಲಿನಲ್ಲಿ ವೇಗ ಸಾಮಾನ್ಯವಾಗಿ ಸೆಕೆಂಡಿಗೆ 40 ಮೀಟರಿಗೂ ಹೆಚ್ಚು. ವೇಗ ಬಹಳ ತಗ್ಗಿದ್ದರೆ ಹೊದಿಕೆ ಕೆಟ್ಟಿರಬಹುದು. ಬಲ ಕುಗ್ಗಿದ್ದರೆ ಎಳೆಗಳೇ ಕಡಿಮೆಯಾಗಿರಬಹುದು. ಸಕ್ಕರೆ ಕಾಯಿಲೆಯಲ್ಲಿ ಎರಡೂ ಉಂಟು.

"ಕರೆಂಟು ಕೊಡುತ್ತಾರಂತೆ" ಎಂದು ಹೆದರಬೇಕಾಗಿಲ್ಲ. ಚುರುಕ್ಕೆಂದು ಕಾಲು ಅದುರುತ್ತದೆ, ಅಷ್ಟೇ. ಇದು ಚಿಕಿತ್ಸೆಯೂ ಅಲ್ಲ, ತಪಾಸಣೆ ಮಾತ್ರ. ಕಾಲು ತಣ್ಣಗಿದ್ದರೆ ನರದ ವೇಗ ತಾನಾಗಿ ತಗ್ಗುತ್ತದೆ. ನಮ್ಮ ಹೊಸೂರು ಕಡೆಯ ಮಾರ್ಗಶಿರದ ಚಳಿಯಲ್ಲಿ ಹೋದವರ ಕಾಲನ್ನು ಮೊದಲು ಬೆಚ್ಚಗೆ ಮಾಡಿಕೊಳ್ಳಬೇಕು.

ಒಂದು ಮಾತು ಮರೆಯಬಾರದು. ಉರಿ, ಬಿಸಿ, ಚುಚ್ಚು ತಿಳಿಸುವ ಅತಿ ಸಣ್ಣ ಎಳೆಗಳನ್ನು ಈ ಯಂತ್ರ ಹಿಡಿಯಲಾರದು. ವರದಿ ಸರಿಯಿದ್ದರೂ ಅಂಗಾಲು ಉರಿಯುತ್ತಿದ್ದರೆ ವೈದ್ಯರಿಗೆ ಮತ್ತೆ ಹೇಳಿರಿ.

ಹಾಗೆಂದು ಎಲ್ಲರೂ ಈ ಪರೀಕ್ಷೆಗೆ ಹಣ ಸುರಿಯಬೇಕಾಗಿಲ್ಲ. 10 ಗ್ರಾಂ ಒತ್ತಡದ ನೈಲಾನ್ ಎಳೆಯನ್ನು ಅಂಗಾಲಿಗೆ ಮುಟ್ಟಿಸಿ ನೋಡುವುದರಿಂದಲೇ ಬಹಳಷ್ಟು ತಿಳಿಯುತ್ತದೆ. ಬಯೋಥೀಸಿಯೋಮೀಟರ್ ಎಂಬ ಉಪಕರಣ ಹೆಬ್ಬೆರಳಿಗೆ ಕಂಪನ ಕೊಡುತ್ತದೆ. 25 ವೋಲ್ಟ್ ದಾಟಿದರೂ ಕಂಪನ ತಿಳಿಯದಿದ್ದರೆ ಹುಣ್ಣಾಗುವ ಅಪಾಯ ಹೆಚ್ಚು. (ಆ ವೋಲ್ಟ್ ಯಂತ್ರಕ್ಕೆ, ನಿಮ್ಮ ಮೈಗಲ್ಲ.) ಒಂದೇ ಕಾಲು ಮರಗಟ್ಟಿದರೆ, ಬೇಗಬೇಗ ಹೆಚ್ಚಾದರೆ, ಕಾಲು ಸೋತು ಚಪ್ಪಲಿ ಜಾರುತ್ತಿದ್ದರೆ ನರ್ವ್ ಕಂಡಕ್ಷನ್ ಬೇಕೇ ಬೇಕು. ಬೆಂಗಳೂರಿನ ಹೊಸೂರು ರಸ್ತೆಯ ನಿಮ್ಹಾನ್ಸಿನಲ್ಲಿ ಈ ಸೌಲಭ್ಯವಿದೆ.

ಮನೆಬಾಗಿಲಿಗೆ ಮಾತ್ರೆ ತಲುಪಿಸುವ ಸರ್ಕಾರದ ಯೋಜನೆ 2021ರ ಆಗಸ್ಟ್ 5ರಂದು ಆರಂಭವಾದದ್ದು ನಮ್ಮ ಕೃಷ್ಣಗಿರಿ ಜಿಲ್ಲೆಯ ಸಾಮನಪಳ್ಳಿಯಲ್ಲೇ. ಮಾತ್ರೆ ಮನೆಗೆ ಬಂತೆಂದು ವರ್ಷಕ್ಕೊಮ್ಮೆ ಪಾದ ತೋರಿಸುವುದನ್ನು ಬಿಡಬೇಡಿ. ಬರಿಗಾಲಲ್ಲಿ ವೇಲಾಂಕಣಿಗೆ ನಡೆಯುವ ಹರಕೆ ಹೊತ್ತವರು ಹೊರಡುವ ಮುನ್ನವೇ ತೋರಿಸಿರಿ.

ಪರೀಕ್ಷೆಯ ದಿನ ಕಾಲಿಗೆ ಎಣ್ಣೆ ಹಚ್ಚಬೇಡಿ. ಎದೆಯಲ್ಲಿ ಪೇಸ್‌ಮೇಕರ್ ಇದ್ದರೆ ಮೊದಲೇ ತಿಳಿಸಿರಿ. ನುಂಗುವ ಮಾತ್ರೆಗಳ ಚೀಟಿ ಕೈಯಲ್ಲಿರಲಿ. ಮೆಟ್‌ಫಾರ್ಮಿನ್ ಅನ್ನು ವರ್ಷಗಟ್ಟಲೆ ನುಂಗಿದವರಲ್ಲಿ ಬಿ-12 ಜೀವಸತ್ವ ಕಡಿಮೆಯಾಗಿಯೂ ಕಾಲು ಜೋಮು ಹಿಡಿಯುವುದುಂಟು. ಅದು ರಕ್ತ ಪರೀಕ್ಷೆಯಲ್ಲಿ ತಿಳಿಯುತ್ತದೆ, ಔಷಧಿಯೂ ಇದೆ.