ಚಳಿಗೆ ಯಾವ ಬನಿಯನ್?

ಪ್ರಶ್ನೆ: ವಿದುರಾಶ್ವತ್ಥದಿಂದ ನಸುಕಿನಲ್ಲೇ ಬೈಕಿನಲ್ಲಿ ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಗೆ ಹೋಗುತ್ತೇನೆ. ಎಂಥ ಥರ್ಮಲ್ ಕೊಳ್ಳಲಿ?

ಉತ್ತರ: ಒಳಗೆ ಹತ್ತಿ ಬನಿಯನ್ ಇದ್ದರೆ ದಪ್ಪ ಸ್ವೆಟರೂ ಪೂರ್ತಿ ಕಾಯದು. ಗೂಡಿನ ಮೂಟೆ ಇಳಿಸುವಾಗ ಬಂದ ಬೆವರನ್ನು ಹತ್ತಿ ಹೀರಿಕೊಂಡು ಹಸಿಯಾಗೇ ಉಳಿಯುತ್ತದೆ. ವಾಪಸು ಬರುವಾಗ ಗಾಳಿಗೆ ಬೆನ್ನು ಕೊರೆಯುವುದು ಅದಕ್ಕೇ. ಪಾಲಿಯೆಸ್ಟರಿನ ತೆಳು ಥರ್ಮಲ್ ಬೇಗ ಒಣಗುತ್ತದೆ, ನಿಮಗೆ ಅದೇ ಸಾಕು. ಮೆರಿನೊ ಉಣ್ಣೆ ತನ್ನ ತೂಕದ ಶೇ. 30ರಷ್ಟು ತೇವ ಹೀರಿದರೂ ಬೆಚ್ಚಗಿಡುತ್ತದೆ, ಬೆಲೆ ಮಾತ್ರ ಜಾಸ್ತಿ. ಮೈಗೆ ಅಂಟಿದಂತಿರಲಿ, ಕಂಕುಳಲ್ಲಿ ಬಿಗಿಯದಿರಲಿ. ಅಂದಹಾಗೆ, ನೀವು ಬೆಳೆಯುವ ರೇಷ್ಮೆಯಿಂದಲೂ ಚಳಿದೇಶಗಳಲ್ಲಿ ಒಳ್ಳೆಯ ಒಳಉಡುಪು ಹೊಲಿಯುತ್ತಾರೆ! ಮೇಲೊಂದು ಗಾಳಿ ತಡೆಯುವ ಜಾಕೆಟ್ ಮರೆಯಬೇಡಿ. ಬಿಸಿಲೇರಿದ ಮೇಲೆ ಥರ್ಮಲ್ ಕಳಚಿಬಿಡಿ.