ಸಹಕಲಿಕೆಯ ದತ್ತಾಂಶ: ಉಕ್ತಿಗಳ ನಡುವಿನ ಕೊಂಡಿ

ಡಿಜಿಟಲ್ ಸಾಧನಗಳ ಮೂಲಕ ವಿದ್ಯಾರ್ಥಿಗಳು ಕೂಡಿ ಕಲಿಯುವಾಗ ಉಂಟಾಗುವ ದಾಖಲೆಗಳನ್ನು ಪ್ರತಿಯೊಂದು ತಂತ್ರಾಂಶವೂ ತನ್ನದೇ ರೂಪದಲ್ಲಿ ಸಂಗ್ರಹಿಸುತ್ತದೆ. ಅವುಗಳ ಹೋಲಿಕೆಗೆ ಸಮಾನ ರೂಪವೊಂದು ಅಗತ್ಯ. 2013ರಲ್ಲಿ ಮೊದಲ ಆವೃತ್ತಿ ಪ್ರಕಟವಾಗಿ, 2023ರಲ್ಲಿ ಐಇಇಇ ಸಂಸ್ಥೆಯ ಮಾನಕವಾದ ‘ಎಕ್ಸ್‌ಎಪಿಐ’ ಅಂತಹ ಒಂದು ರೂಪ. ಇದರಲ್ಲಿ ಪ್ರತಿ ದಾಖಲೆಯೂ ಕರ್ತೃ, ಕ್ರಿಯೆ, ಕರ್ಮಗಳುಳ್ಳ ವಾಕ್ಯದಂತಿರುತ್ತದೆ: ‘ವಿದ್ಯಾರ್ಥಿನಿಯು ಪಾಠವನ್ನು ಮುಗಿಸಿದಳು.’

ಒಬ್ಬರ ಚಟುವಟಿಕೆಯನ್ನು ದಾಖಲಿಸಲು ಈ ರಚನೆ ಸಾಲುತ್ತದೆ. ಸಹಕಲಿಕೆಯಾದರೋ ಉಕ್ತಿಗಳ ನಡುವಿನ ಸಂಬಂಧದಲ್ಲಿ ನಡೆಯುವಂಥದು. ಗುಂಪುಚರ್ಚೆಯಲ್ಲಿ ಒಬ್ಬಳು ‘ಹಾಗಾದರೆ ಅದು ಪ್ರತ್ಯಯವಲ್ಲ’ ಎಂದು ಬರೆದಳೆನ್ನೋಣ. ‘ಹಾಗಾದರೆ’, ‘ಅದು’ ಎಂಬ ಎರಡು ಪದಗಳೂ ಹಿಂದಿನ ಮಾತನ್ನು ಅವಲಂಬಿಸಿವೆ. ಆ ಕೊಂಡಿ ಕಳಚಿದರೆ ಒಂದು ಸಂದೇಶದ ಎಣಿಕೆಯಷ್ಟೇ ಉಳಿಯುತ್ತದೆ. ಆಗ ಹೆಚ್ಚು ಬರೆದವರೇ ಹೆಚ್ಚು ಪಾಲ್ಗೊಂಡವರಾಗಿ ತೋರುತ್ತಾರೆ. ಒಂದೇ ಆಕ್ಷೇಪದಿಂದ ಗುಂಪಿನ ವಿಚಾರವನ್ನು ತಿದ್ದಿದವಳು ಮರೆಯಾಗುತ್ತಾಳೆ.

ಎಕ್ಸ್‌ಎಪಿಐ ದಾಖಲೆಯ ‘ಸಂದರ್ಭ’ ಎಂಬ ಭಾಗದಲ್ಲಿ ತಂಡವನ್ನೂ ಸಂಬಂಧಿತ ಮತ್ತೊಂದು ದಾಖಲೆಯನ್ನೂ ಸೂಚಿಸಲು ಅವಕಾಶವಿದೆಯಾದರೂ ಅದು ಐಚ್ಛಿಕ. ಸಹಕಲಿಕೆಯ ದತ್ತಾಂಶದಲ್ಲಿ ಈ ಸೂಚನೆ ಕಡ್ಡಾಯವಾಗಬೇಕು. ಒಪ್ಪಿಗೆ, ಪ್ರಶ್ನೆ, ತಿದ್ದುಪಡಿ ಎಂಬಂತೆ ಸಂಬಂಧದ ಬಗೆಯನ್ನೂ ಗುರುತಿಸಬೇಕು. ಈ ಬಗೆಗಳನ್ನು ನಿರ್ವಚಿಸುವ ಹೊಣೆ ಸಂಭಾಷಣೆಯನ್ನು ಅಧ್ಯಯನ ಮಾಡುವ ಭಾಷಾವಿಜ್ಞಾನಿಗಳದು.