ಕಿರಿದಾದ ನಿವೇಶನದಲ್ಲಿ ರೈತನ ಮನೆ

ಅಣ್ಣತಮ್ಮಂದಿರ ಪಾಲು ಆದಾಗ ಹೊಲಗದ್ದೆಯನ್ನು ಅಳೆದು ಹಂಚಿಕೊಳ್ಳುವಷ್ಟೇ ಎಚ್ಚರಿಕೆಯಿಂದ ಮನೆಯನ್ನೂ ಹಂಚಿಕೊಳ್ಳುವುದು ನಮ್ಮ ಹಳ್ಳಿಗಳಲ್ಲಿ ವಾಡಿಕೆ. ಬೀದಿಯಿಂದ ಹಿತ್ತಿಲವರೆಗೆ ನಡುವೆ ಒಂದು ಗೋಡೆ ಎದ್ದು, 36 ಅಡಿ ಅಗಲದ ಹಳೆಯ ತೊಟ್ಟಿ ಮನೆ 18 ಅಡಿಯ ಎರಡು ಮನೆಗಳಾಗುತ್ತದೆ. ಇಬ್ಬರಿಗೂ ಬೀದಿ ಬಾಗಿಲು ಸಿಗುತ್ತದೆ, ಇಬ್ಬರಿಗೂ ಹಿತ್ತಿಲು ಸಿಗುತ್ತದೆ. ಆದರೆ ಗೋಡೆ ತೊಟ್ಟಿಯ ನಡುವೆಯೇ ಹಾದು ಹೋಗುವುದರಿಂದ ಮನೆಗೆ ಬೆಳಕು ಕೊಡುತ್ತಿದ್ದ ಜಾಗವೇ ಹೋಗುತ್ತದೆ. ಉಳಿದ ಅರ್ಧ ತೊಟ್ಟಿಗೆ ಇಬ್ಬರೂ ಶೀಟು ಹೊದಿಸಿ ಕೋಣೆ ಮಾಡಿಕೊಳ್ಳುತ್ತಾರೆ. ಆಮೇಲೆ ಹಗಲು ಹನ್ನೆರಡು ಗಂಟೆಗೂ ನಡುಮನೆಯಲ್ಲಿ ದೀಪ ಹಾಕಬೇಕಾಗುತ್ತದೆ.

ಹಳೆಯ ಮನೆ ಕೆಡವಿ ಇಂಥ ಜಾಗದಲ್ಲಿ ಹೊಸದಾಗಿ ಕಟ್ಟುವವರು ಸಾಮಾನ್ಯವಾಗಿ ಮೊದಲು ಎಣಿಸುವುದು ಕೋಣೆಗಳನ್ನು. ನಡುಮನೆ ಒಂದು, ಕೋಣೆ ಎರಡು, ಅಡುಗೆಮನೆ ಒಂದು, ದೇವರ ಮನೆ ಒಂದು ಎಂದು ಎಣಿಸಿ ಸಾಲಾಗಿ ಜೋಡಿಸಿದರೆ ಮನೆ ರೈಲು ಡಬ್ಬಿಯಂತಾಗುತ್ತದೆ. ಕಿರಿದಾದ ನಿವೇಶನದಲ್ಲಿ ಮೊದಲು ಗೊತ್ತುಮಾಡಬೇಕಾದುದು ಆಕಾಶಕ್ಕೆ ತೆರೆದಿರಬೇಕಾದ ಜಾಗವನ್ನು. ಕೋಣೆಗಳ ಲೆಕ್ಕ ಆಮೇಲೆ.

ಪಕ್ಕದ ಗೋಡೆಗೆ ಕಿಟಕಿ ಇಟ್ಟರಾಯಿತಲ್ಲ ಎಂದು ಕೆಲವರು ಹೇಳುವುದುಂಟು. ಪಕ್ಕದ ಜಾಗ ಖಾಲಿ ಇರುವವರೆಗೆ ಅದು ಸರಿ. ನೆರೆಯವರು ಮನೆ ಕಟ್ಟಿದ ದಿನ ಆ ಕಿಟಕಿ ಅವರ ಗೋಡೆಯನ್ನು ನೋಡುತ್ತದೆ, ಅಥವಾ ಜಗಳಕ್ಕೆ ಕಾರಣವಾಗುತ್ತದೆ. ಆದುದರಿಂದ ಎರಡು ಪಕ್ಕವೂ ಮುಚ್ಚಿದೆ, ಬೆಳಕು ಮುಂದಿನಿಂದ, ಹಿಂದಿನಿಂದ ಮತ್ತು ಮೇಲಿನಿಂದ ಮಾತ್ರ ಬರುತ್ತದೆ ಎಂದು ಭಾವಿಸಿಯೇ ನಕ್ಷೆ ಹಾಕಿಸಬೇಕು.

ಗೋಡೆ ತಿನ್ನುವ ಜಾಗ

ಪೂರ್ವಕ್ಕೆ ಬೀದಿ ಇರುವ, 18 ಅಡಿ ಅಗಲ 70 ಅಡಿ ಉದ್ದದ ನಿವೇಶನವನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಹಳೆಯ ಪದ್ಧತಿಯಂತೆ ಒಂದೂವರೆ ಅಡಿ ದಪ್ಪದ ಕಲ್ಲುಗೋಡೆ ಅಥವಾ ಮಣ್ಣಿನ ಗೋಡೆ ಎರಡೂ ಪಕ್ಕಕ್ಕೆ ಹಾಕಿದರೆ ಒಳಗೆ ಉಳಿಯುವುದು 15 ಅಡಿ. 9 ಅಂಗುಲದ ಇಟ್ಟಿಗೆ ಗೋಡೆಯಾದರೆ 16½ ಅಡಿ ಸಿಗುತ್ತದೆ. ಒಂದೂವರೆ ಅಡಿ ಎಂದರೆ ಅಲ್ಪವೆನಿಸಬಹುದು. ಆದರೆ 60 ಅಡಿ ಉದ್ದಕ್ಕೆ ಲೆಕ್ಕ ಹಾಕಿದರೆ ಅದು 90 ಚದರ ಅಡಿ, ಒಂದು ಸಣ್ಣ ಕೋಣೆಯಷ್ಟು ಜಾಗ. ಸುಟ್ಟ ಇಟ್ಟಿಗೆ ದುಬಾರಿಯಾಗುವ ಕಡೆ ಮಣ್ಣಿಗೆ ಸ್ವಲ್ಪ ಸಿಮೆಂಟು ಬೆರೆಸಿ ಯಂತ್ರದಲ್ಲಿ ಒತ್ತಿದ ಮಣ್ಣಿನ ಇಟ್ಟಿಗೆ ಬಳಸಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರದವರು ಈ ಇಟ್ಟಿಗೆಯ ಬಗ್ಗೆ ಬಹಳ ಕೆಲಸ ಮಾಡಿದ್ದಾರೆ. ಮಣ್ಣು ಮಾತ್ರ ಪರೀಕ್ಷೆ ಆಗಿರಬೇಕು. ಬರಿಯ ಎರೆಮಣ್ಣು ಇದಕ್ಕೆ ಆಗುವುದಿಲ್ಲ.

ನಡುವಿನ ಅಂಗಳ

ಈ ನಿವೇಶನದಲ್ಲಿ ಮುಂದೆ 5 ಅಡಿ ಜಗಲಿ, ಅದರ ಹಿಂದೆ 14½ ಅಡಿ ಉದ್ದದ ನಡುಮನೆ, ನಂತರ 10 ಅಡಿಯ ಕೋಣೆ, ಅದರ ಹಿಂದೆ 8 ಅಡಿ ತೆರೆದ ಅಂಗಳ, ಆಮೇಲೆ 11 ಅಡಿಯ ಅಡುಗೆಮನೆ ಇಟ್ಟುಕೊಂಡರೆ, ಅಡ್ಡಗೋಡೆಗಳನ್ನು ಕಳೆದು ಹಿತ್ತಿಲಿಗೆ ಸುಮಾರು 17 ಅಡಿ ಉಳಿಯುತ್ತದೆ. ಬೀದಿ ಬಾಗಿಲಿನಿಂದ ಹಿತ್ತಿಲ ಬಾಗಿಲವರೆಗೆ ಒಂದು ಪಕ್ಕದ ಗೋಡೆಗುಂಟ 4 ಅಡಿ ಅಗಲದ ನಡೆ ನೇರವಾಗಿ ಸಾಗಬೇಕು. 3 ಅಡಿ ಸಾಕೆಂದು ಮೇಸ್ತ್ರಿ ಹೇಳಬಹುದು. ಪೇಟೆಯ ಮನೆಗೆ ಅದು ಸಾಕು. ತಲೆಯ ಮೇಲೆ ಹುಲ್ಲಿನ ಹೊರೆ, ಬೆನ್ನ ಮೇಲೆ ರಾಗಿ ಮೂಟೆ ಹೊತ್ತು ಬರುವ ರೈತನ ಮನೆಗೆ ಸಾಲದು. ಬಾಗಿಲಿಗೆ ಬಾಗಿಲು ನೇರವಿರಬೇಕೆಂದು ಹಿರಿಯರು ಹೇಳುತ್ತಿದ್ದುದರಲ್ಲಿಯೂ ಅರ್ಥವಿದೆ. ಎರಡೂ ಬಾಗಿಲು ತೆರೆದರೆ ಗಾಳಿ ಮನೆಯ ಉದ್ದಕ್ಕೂ ಹಾಯುತ್ತದೆ.

ನಡೆಯನ್ನು ಬಿಟ್ಟು ಅಂಗಳಕ್ಕೆ ಸಿಗುವುದು ಸುಮಾರು 12 ಅಡಿ ಅಗಲ, 8 ಅಡಿ ಉದ್ದ. ಕೋಣೆಯ ಕಿಟಕಿ ಒಂದು ಕಡೆಯಿಂದ, ಅಡುಗೆಮನೆಯ ಕಿಟಕಿ ಇನ್ನೊಂದು ಕಡೆಯಿಂದ ಇದಕ್ಕೆ ತೆರೆದುಕೊಳ್ಳುತ್ತವೆ. ಇಷ್ಟು ಜಾಗ ವ್ಯರ್ಥವಾಯಿತಲ್ಲ ಎಂದು ಮರುಗುವವರಿದ್ದಾರೆ. ಆದರೆ ಪಾತ್ರೆ ತೊಳೆಯುವುದು, ಕಾಳು ಹಸನು ಮಾಡುವುದು, ಹಪ್ಪಳ ಸಂಡಿಗೆ ಒಣಗಿಸುವುದು, ಮಗುವಿಗೆ ಎಣ್ಣೆ ಹಚ್ಚುವುದು, ಇವೆಲ್ಲ ನಡೆಯುವುದು ಅಲ್ಲಿಯೇ. ಮನೆಯ ಹೆಂಗಸರ ಹಗಲಿನ ಬಹುಭಾಗ ಕಳೆಯುವ ಈ ಜಾಗವನ್ನು ಉಳಿದ ಲೆಕ್ಕಗಳಲ್ಲಿ ಹಿಂಡಿ ಚಿಕ್ಕದು ಮಾಡಬಾರದು.

ಅಣ್ಣತಮ್ಮಂದಿರು ಇಬ್ಬರೂ ಒಟ್ಟಿಗೆ ಕಟ್ಟುತ್ತಿದ್ದರೆ ಇನ್ನೊಂದು ಅನುಕೂಲವಿದೆ. ಇಬ್ಬರೂ ನಡೆಯನ್ನು ಹೊರಪಕ್ಕಕ್ಕೆ ಹಾಕಿ, ಇಬ್ಬರ ಅಂಗಳವೂ ನಡುಗೋಡೆಗೆ ತಾಗುವಂತೆ ಮಾಡಬೇಕು. ಅಂಗಳದ ನಡುವೆ ಗೋಡೆಯನ್ನು ಸೂರಿನವರೆಗೆ ಏರಿಸದೆ 7 ಅಡಿಗೆ ನಿಲ್ಲಿಸಿದರೆ ಇಬ್ಬರಿಗೂ 24 ಅಡಿ ಅಗಲದ ತೊಟ್ಟಿಯ ಬೆಳಕು ದೊರೆಯುತ್ತದೆ. ಮುಂದೆ ಯಾರೂ ಆ ಗೋಡೆಯನ್ನು ಎತ್ತರಿಸಬಾರದೆಂಬುದನ್ನು ಪಾಲುಪತ್ರದಲ್ಲಿಯೇ ಬರೆಸಿ ನೋಂದಣಿ ಮಾಡಿಸುವುದು ಒಳ್ಳೆಯದು. ಬಾಯಿಮಾತು ಮಕ್ಕಳ ಕಾಲಕ್ಕೆ ನಿಲ್ಲುವುದಿಲ್ಲ.

ಅಂಗಳದ ನೆಲ ಮನೆಯ ನೆಲಕ್ಕಿಂತ 6 ಅಂಗುಲ ತಗ್ಗಿನಲ್ಲಿರಬೇಕು. ಒಂದು ಅಂಗುಲ ಮಳೆ ಬಿದ್ದರೆ ಈ ಅಂಗಳವೊಂದಕ್ಕೇ ಸುಮಾರು 225 ಲೀಟರ್ ನೀರು ಬೀಳುತ್ತದೆ. ಸೂರಿನ ನೀರೂ ಒಳಕ್ಕೇ ಇಳಿಯುವಂತಿದ್ದರೆ ಇದರ ಹಲವು ಪಟ್ಟು. ಈ ನೀರು ಹೋಗಲು 4 ಅಂಗುಲದ ಕೊಳವೆಯನ್ನು 60 ಅಡಿಗೆ 1 ಅಡಿ ಇಳಿಜಾರಿನಂತೆ ಬೀದಿಯ ಚರಂಡಿಯವರೆಗೆ, ನೆಲ ಹಾಕುವ ಮೊದಲೇ ಹೂಳಬೇಕು. ಆದ್ದರಿಂದ ತಳಪಾಯವನ್ನು ಬೀದಿಯ ಮಟ್ಟದಿಂದ 2 ಅಡಿಯಾದರೂ ಎತ್ತರಿಸಬೇಕಾಗುತ್ತದೆ. ಕಳ್ಳರ, ಕೋತಿಗಳ ಭಯವಿದ್ದರೆ ಮೇಲೆ ಕಬ್ಬಿಣದ ಸರಳಿನ ಜಾಲರಿ ಹಾಕಿಸಬಹುದು. ಶೀಟು ಮಾತ್ರ ಹೊದಿಸಬಾರದು.

ಹೊಗೆ ಮತ್ತು ಆಗ್ನೇಯ ಮೂಲೆ

ಒಲೆ ಆಗ್ನೇಯದಲ್ಲಿರಬೇಕೆಂಬ ನಂಬಿಕೆ ಬಲವಾಗಿದೆ. ಪೂರ್ವಕ್ಕೆ ಬೀದಿ ಇರುವ ಕಿರಿದಾದ ನಿವೇಶನದಲ್ಲಿ ಆಗ್ನೇಯ ಮೂಲೆ ಎಂದರೆ ಜಗಲಿಯ ಪಕ್ಕ. ಬಂದವರು ಕೂರುವ ಕಡೆ ಅಡುಗೆಮನೆ ಮಾಡಿ, ನೀರು ಸೌದೆಗಳನ್ನು ಹಿತ್ತಿಲಿಂದ ಅಲ್ಲಿಯವರೆಗೆ ಹೊರುವ ಕಷ್ಟ ಯಾರಿಗೂ ಬೇಡ. ಅಡುಗೆಮನೆಯನ್ನು ಹಿಂದೆಯೇ ಇಟ್ಟು, ಅದರೊಳಗಿನ ಆಗ್ನೇಯ ಮೂಲೆಗೆ ಒಲೆ ಹಾಕಿದರೆ ಹಿರಿಯರ ಮನಸ್ಸಿಗೂ ಸಮಾಧಾನವಾಗುತ್ತದೆ.

ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿ ಬೀಸುವುದು ಪಶ್ಚಿಮದ ಕಡೆಯಿಂದ. ಹಿಂದಿನ ಅಡುಗೆಮನೆಯ ಹೊಗೆಯನ್ನು ಅದು ನೇರವಾಗಿ ಕೋಣೆಗೆ ತಳ್ಳುತ್ತದೆ. ಗ್ಯಾಸ್ ಬಂದ ಮೇಲೂ ಮುದ್ದೆಗೆ, ಹಂಡೆಯ ನೀರಿಗೆ ಸೌದೆ ಉರಿಸುವ ಮನೆಗಳು ಕಡಿಮೆಯೇನಲ್ಲ. ಸೌದೆ ಒಲೆಗೆ ಹೊಗೆಗೊಳವೆ ಇರಲೇಬೇಕು, ಅದರ ಬಾಯಿ ಮನೆಯ ಅತಿ ಎತ್ತರದ ಸೂರಿಗಿಂತ 2 ಅಡಿ ಮೇಲಿರಬೇಕು. ಅಡುಗೆಮನೆಗೂ ನಡೆಗೂ ನಡುವೆ ಬಾಗಿಲು ಇಡುವುದನ್ನು ಮರೆಯಬಾರದು.

ಹಿತ್ತಿಲು

ಬಚ್ಚಲು, ಪಾಯಿಖಾನೆ ಎರಡೂ ಹಿತ್ತಿಲಿಗೆ. ಎರಡು ಗುಂಡಿಯ ಪಾಯಿಖಾನೆಯಾದರೆ ಒಂದು ಗುಂಡಿ ತುಂಬಿದಾಗ ಇನ್ನೊಂದಕ್ಕೆ ತಿರುಗಿಸಿ, ತುಂಬಿದ್ದನ್ನು ಎರಡು ವರ್ಷ ಮುಚ್ಚಿ ಬಿಟ್ಟರೆ ಒಳ್ಳೆಯ ಗೊಬ್ಬರ ಸಿಗುತ್ತದೆ. ಕುಡಿಯುವ ನೀರಿನ ಬಾವಿ ಗುಂಡಿಯಿಂದ 50 ಅಡಿ ದೂರವಿರಬೇಕು. ಇಲ್ಲಿ ತಪ್ಪುವುದು ಎಲ್ಲಿ ಎಂದರೆ, ತನ್ನ ಬಾವಿಯಿಂದ ದೂರ ಅಳೆಯುವವನು ಗೋಡೆಯಾಚೆ ಅಣ್ಣನ ಬಾವಿ 6 ಅಡಿಯಲ್ಲೇ ಇರುವುದನ್ನು ಅಳೆಯುವುದಿಲ್ಲ. ಮಣ್ಣಿನೊಳಗೆ ಇಳಿಯುವ ನೀರಿಗೆ ಪಾಲಿನ ಗೋಡೆ ಅಡ್ಡವಾಗುವುದಿಲ್ಲ.

ಹಿಂದೆ ಓಣಿ ಇದ್ದರೆ ಹಿತ್ತಿಲಲ್ಲಿ ಒಂದೆರಡು ಹಸು ಕಟ್ಟಬಹುದು. ಒಂದು ಮಿಶ್ರತಳಿ ಹಸುವಿಗೆ ನಿಲ್ಲಲು 4 ಅಡಿ ಅಗಲ, 5½ ಅಡಿ ಉದ್ದ ಬೇಕು; ಗೋದಲಿ, ಗಂಜಲದ ಕಾಲುವೆ ಬೇರೆ. ಓಣಿ ಇಲ್ಲದಿದ್ದರೆ ಹಸುವನ್ನು ದಿನಕ್ಕೆರಡು ಬಾರಿ ನಡುಮನೆಯ ಮೂಲಕವೇ ಹೊಡೆದುಕೊಂಡು ಹೋಗಬೇಕಾಗುತ್ತದೆ. ಅದಕ್ಕಿಂತ ಕೊಟ್ಟಿಗೆಯನ್ನು ಹೊಲದಲ್ಲೋ ಕಣದಲ್ಲೋ ಮಾಡುವುದು ಲೇಸು.

ಮನೆಯಲ್ಲಿ ವಯಸ್ಸಾದವರಿದ್ದರೆ ಅವರ ಮಂಚ ಅಂಗಳದ ಪಕ್ಕದ ಕೋಣೆಯಲ್ಲಿರಲಿ. ಜಗಲಿಯ ಪಕ್ಕದಲ್ಲಿ ಮಲಗಿದವರು ರಾತ್ರಿ ಬಚ್ಚಲಿಗೆ 45 ಅಡಿಗೂ ಹೆಚ್ಚು ಕತ್ತಲಲ್ಲಿ ನಡೆಯಬೇಕಾಗುತ್ತದೆ.

ಮುಂದಿನ ಪಾಲು

ಈ 18 ಅಡಿಯೂ ಒಂದು ದಿನ ಇಬ್ಬರು ಮಕ್ಕಳಿಗೆ ಹಂಚಿಕೆಯಾಗಬಹುದು. ಮತ್ತೆ ಉದ್ದಕ್ಕೆ ಸೀಳಿದರೆ 9 ಅಡಿ. ಗೋಡೆ ಕಳೆದು 7½ ಅಡಿ. ಮಂಚ ಅಡ್ಡ ಹಾಕಿದರೆ ದಾಟಲು ದಾರಿಯಿರುವುದಿಲ್ಲ. ಆದ್ದರಿಂದ ಮುಂದಿನ ಪಾಲು ಕೆಳಗೊಂದು ಮೇಲೊಂದು ಎಂದಾಗುವಂತೆ ಈಗಲೇ ಅನುವು ಮಾಡಿಡಬೇಕು. ಅಂತಸ್ತಿನಿಂದ ಅಂತಸ್ತಿಗೆ 10½ ಅಡಿ ಎತ್ತರವಿದ್ದರೆ 7 ಅಂಗುಲದ 18 ಏರು ಬೇಕು, ನೇರ ಮೆಟ್ಟಿಲಿಗೆ 14 ಅಡಿಗೂ ಸ್ವಲ್ಪ ಹೆಚ್ಚು ಉದ್ದ ಹಿಡಿಯುತ್ತದೆ. ಇದನ್ನು ನಡುಮನೆಯ ಗೋಡೆಗುಂಟ 3 ಅಡಿ ಅಗಲಕ್ಕೆ ಹಾಕಿ, ಮೊದಲ ಮೂರು ಮೆಟ್ಟಿಲನ್ನು ಜಗಲಿಯಲ್ಲೇ ಆರಂಭಿಸಿದರೆ ಮೇಲಿನವರು ಕೆಳಗಿನವರ ಮನೆಯೊಳಗೆ ಹಾಯಬೇಕಾಗಿಲ್ಲ. ಮೆಟ್ಟಿಲ ಕೆಳಗೆ ಕಾಳಿನ ಡ್ರಮ್ಮುಗಳಿಗೆ ಜಾಗವೂ ಆಯಿತು. ಮೇಲಂತಸ್ತಿನ ಭಾರ ತಡೆಯುವ ಅಡಿಪಾಯವನ್ನು ಇಂಜಿನಿಯರರನ್ನು ಕೇಳಿ ಈಗಲೇ ಹಾಕಿಸಬೇಕು. ಮೇಲೆ ಕಟ್ಟುವಾಗ ಅಂಗಳದ ಮೇಲೆ ಚಾಚಬಾರದು.

ಗ್ರಾಮ ಪಂಚಾಯಿತಿಯಲ್ಲಿ ಪರವಾನಗಿಗೆ ಹೋಗುವ ಮೊದಲು, ಮುಂದೆ ಹಿಂದೆ ಎಷ್ಟು ಜಾಗ ಬಿಡಬೇಕೆಂದು ವಿಚಾರಿಸಿಕೊಂಡು, ನಕ್ಷೆಯನ್ನು ಸುಗ್ಗಿ ಮುಗಿದ ಕಣದಲ್ಲಿ ಹಗ್ಗ ಹಿಡಿದು ಸುಣ್ಣದ ಪುಡಿಯಿಂದ ಪೂರ್ತಿ ಅಳತೆಗೆ ಬರೆಯಬೇಕು. ಮಂಚ ತಂದು ಹಾಕಿ, ನಾಲ್ಕು ಮೂಟೆ ಇಟ್ಟು, ಮನೆಯೊಡತಿಯನ್ನು ಕರೆದು, ಸೊಂಟದ ಮೇಲೆ ಬಿಂದಿಗೆ ಇಟ್ಟುಕೊಂಡು ಹಿತ್ತಿಲಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಜಗಲಿಗೆ ನಡೆದು ನೋಡಲು ಹೇಳಬೇಕು. ಆಕೆ ಎಲ್ಲಿ ಪಕ್ಕಕ್ಕೆ ತಿರುಗಿ ನುಸುಳುತ್ತಾಳೋ ಅಲ್ಲಿ ಗೆರೆ ಅಳಿಸಿ ಮತ್ತೆ ಬರೆಯಬೇಕು.